ಹೀಥ್ರೋ ಪಕ್ಕದ 600 ವರ್ಷದ ಓಕ್ ಕಣಜ: ಇಷ್ಟು ದೊಡ್ಡದು ಏಕೆ, ಇಷ್ಟು ಕಾಲ ನಿಂತದ್ದು ಹೇಗೆ?

ಸ್ಲೌ ಕನ್ನಡಿಗ

ಹೀಥ್ರೋ ವಿಮಾನ ನಿಲ್ದಾಣದ ಉತ್ತರಕ್ಕೆ ಹಾರ್ಮಂಡ್ಸ್‌ವರ್ತ್ ಎಂಬ ಹಳ್ಳಿಯಿದೆ. ಊರಿನಿಂದ ಬರುವವರನ್ನು ಕರೆತರಲು ನಾವೆಲ್ಲ ಅದರ ಪಕ್ಕದಲ್ಲೇ ಹಾದುಹೋಗುತ್ತೇವೆ, ಒಳಗೆ ಕಾಲಿಡುವುದಿಲ್ಲ. ಈ ಬೇಸಿಗೆಯಲ್ಲಿ ಮಾವನವರು ಬಂದಿದ್ದಾಗ ಅಲ್ಲಿನ ಹಳೆಯ ಕಣಜವನ್ನು (ಇಲ್ಲಿಯವರು ಗ್ರೇಟ್ ಬಾರ್ನ್ ಎನ್ನುತ್ತಾರೆ) ತೋರಿಸಿಕೊಂಡು ಬಂದೆ. 1426ರ ಸುಮಾರಿನ ಕಟ್ಟಡ. ಉದ್ದ ಹತ್ತಿರ ಹತ್ತಿರ 60 ಮೀಟರ್, ಅಗಲ 12, ಎತ್ತರ 11. ಹೊರಗಿನಿಂದ ನೋಡಿದರೆ ಉದ್ದಕ್ಕೂ ಹಲಗೆಯ ಗೋಡೆ, ಅದರ ಮೇಲೆ ತೀರಾ ಕೆಳಗಿನವರೆಗೆ ಇಳಿದುಬಂದ ಹಂಚಿನ ಮಾಡು. ಒಳಗೆ ಹೋದಾಗ ಮಾತ್ರ ಉಸಿರು ಬಿಗಿಯಾಗುತ್ತದೆ. ಎರಡು ಸಾಲು ಓಕ್ ಕಂಬಗಳು, ಅವುಗಳ ನೆತ್ತಿಯಿಂದ ನಾಲ್ಕೂ ದಿಕ್ಕಿಗೆ ಚಾಚಿದ ಬಾಗಿದ ಆಸರೆಗಳು, ಮೇಲೆ ಕತ್ತಲಲ್ಲಿ ಕರಗಿಹೋಗುವ ಮಾಡು. ಕವಿ ಜಾನ್ ಬೆಟ್ಜಮನ್ ಇದನ್ನು ಮಿಡ್ಲ್‌ಸೆಕ್ಸ್ ಸೀಮೆಯ ಕ್ಯಾಥೆಡ್ರಲ್ (ಮಹಾ ಚರ್ಚು) ಎಂದು ಕರೆದದ್ದು ಸುಮ್ಮನೆ ಅಲ್ಲ.

ಮಾವನವರು ಜೀವನವಿಡೀ ಬೇಸಾಯ ಮಾಡಿದವರು. ಕಂಬವನ್ನು ತಟ್ಟಿ, ಬುಡದ ಕಲ್ಲನ್ನು ಬಗ್ಗಿ ನೋಡಿ ನನ್ನನ್ನು ಕೇಳಿದರು: ಕಾಳು ತುಂಬಲು ಇಷ್ಟು ದೊಡ್ಡ ಕಟ್ಟಡ ಏಕೆ? ಎಲ್ಲೂ ಮೊಳೆ ಕಾಣುತ್ತಿಲ್ಲ, ಬಿಗಿ ಎಲ್ಲಿಂದ ಬಂತು? ಇಷ್ಟೊಂದು ಬೆಳೆಯುತ್ತಿದ್ದ ನಮ್ಮ ಬಯಲುಸೀಮೆಯಲ್ಲಿ ಇಂಥದ್ದು ಏಕೆ ಒಂದೂ ಇಲ್ಲ? ತಿಳಿದವರು ಹೇಳಿ. ಅವರು ಊರಿಗೆ ಹೊರಡುವ ಮುನ್ನ ಉತ್ತರ ಕೊಡಬೇಕು.

ರಾಗಿಕಣ

ಮೊದಲ ಮತ್ತು ಮೂರನೆಯ ಪ್ರಶ್ನೆಗೆ ಉತ್ತರ ಒಂದೇ ಕಡೆ ಇದೆ. ಅಲ್ಲಿ ತುಂಬುತ್ತಿದ್ದುದು ಕಾಳನ್ನಲ್ಲ, ಇಡೀ ಸಿವುಡುಗಳನ್ನು. ಇಂಗ್ಲೆಂಡಿನ ಕೊಯ್ಲು ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ. ಆಕಾಶವನ್ನು ನಂಬಿ ಬಯಲಲ್ಲಿ ಕಣ ಮಾಡುವ ಸ್ಥಿತಿ ಅಲ್ಲಿಲ್ಲ. ಕೊಯ್ದ ಗೋಧಿ, ಬಾರ್ಲಿ, ಓಟ್ಸ್ ಎಲ್ಲವನ್ನೂ ಹುಲ್ಲು ತೆನೆ ಸಮೇತ ಬಂಡಿಯಲ್ಲಿ ತಂದು ಒಳಗೆ ಒಟ್ಟುತ್ತಿದ್ದರು. ಆಮೇಲೆ ಚಳಿಗಾಲವಿಡೀ ಸ್ವಲ್ಪ ಸ್ವಲ್ಪವೇ ಇಳಿಸಿ, ತೊಗಲಿನ ಪಟ್ಟಿಯಿಂದ ಜೋಡಿಸಿದ ಎರಡು ಕೋಲುಗಳ ಬಡಿಗೆಯಿಂದ ಬಡಿಯುತ್ತಿದ್ದರು. ಅಂದರೆ ಕಣಜ, ಬಣವೆ, ಕಣ ಮೂರೂ ಒಂದೇ ಸೂರಿನಡಿ. ಜಾಗ ಹಿಡಿದದ್ದು ಕಾಳಲ್ಲ, ಹುಲ್ಲು.

ಹಾರ್ಮಂಡ್ಸ್‌ವರ್ತ್‌ನಲ್ಲಿ ಬಂಡಿ ನುಗ್ಗುವಷ್ಟು ದೊಡ್ಡದಾದ ಮೂರು ಬಾಗಿಲುಗಳಿವೆ. ಆ ಬಾಗಿಲುಗಳ ನೇರಕ್ಕೆ ಇರುವ ಅಂಕಣವೇ ಕಣ. ಇಂಥ ಎಷ್ಟೋ ಕಟ್ಟಡಗಳಲ್ಲಿ ಎದುರುಬದುರು ಬಾಗಿಲು ಇಟ್ಟಿರುತ್ತಾರೆ, ಎರಡನ್ನೂ ತೆರೆದರೆ ತೂರುವುದಕ್ಕೆ ಗಾಳಿ ಸಿಗುತ್ತದೆ.

ನಮ್ಮ ಕಡೆ ಸುಗ್ಗಿ ಬರುವುದು ಒಣ ಹವೆಯಲ್ಲಿ. ಬಯಲಲ್ಲೇ ಬಣವೆ ಒಟ್ಟಬಹುದು. ಕಣವನ್ನು ಸಗಣಿಯಿಂದ ಸಾರಿಸಿ, ನಡುವೆ ಮೇಟಿ ಕಂಬ ನೆಟ್ಟು, ರೋಣುಗಲ್ಲು ಹೊಡೆದು, ತೂರಿ, ರಾಶಿ ಪೂಜೆ ಮಾಡಿದರೆ ಕೆಲಸ ಮುಗಿಯಿತು. ಉಳಿಯುವ ಕಾಳು ನೆಲದೊಳಗಿನ ಹಗೇವಿಗೆ. ರಾಗಿಯಂತೂ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ನಮಗೆ ಆ ಕಟ್ಟಡದ ಅಗತ್ಯವೇ ಬೀಳಲಿಲ್ಲ. ಇಲ್ಲದ್ದು ಕೊರತೆಯಲ್ಲ ಎಂದು ನಿಮ್ಮ ಮಾವನವರಿಗೆ ಹೇಳಿ.

ಹಳೇ ಮೈಸೂರು

ಮೇಟಿ ಕಂಬ ಎಂಬ ಮಾತನ್ನು ಕೇಳಿ ಎಷ್ಟು ಕಾಲವಾಯಿತು! ಈಗ ನಮ್ಮೂರಲ್ಲಿ ಟಾರು ರಸ್ತೆಯೇ ಕಣ, ಲಾರಿ ಚಕ್ರವೇ ರೋಣುಗಲ್ಲು. ಹುರುಳಿ ಸೊಪ್ಪಿನ ಮೇಲೆ ಬೈಕುಗಳು ಜಾರಿ ಬೀಳುತ್ತವೆ.

ಮಂಡ್ಯದ ನೀರು

ಆ ರಸ್ತೆ ಒಕ್ಕಣೆ ನಿಲ್ಲಬೇಕು. ಊರಿಗೊಂದು ಸಿಮೆಂಟ್ ಕಣ ಮಾಡಿಕೊಟ್ಟರೆ ಯಾರೂ ರಸ್ತೆಗೆ ಬರುವುದಿಲ್ಲ. ಕೆಲವು ಊರುಗಳಲ್ಲಿ ಮಾಡಿದ್ದಾರೆ, ಚೆನ್ನಾಗಿ ನಡೆಯುತ್ತಿದೆ.

ಗಾಳಿಪಟ

ಇದು ಟೈತ್ ಬಾರ್ನ್ ಅಲ್ಲವೇ? ರೈತರು ಬೆಳೆಯ ಹತ್ತನೇ ಒಂದು ಪಾಲನ್ನು ಚರ್ಚಿಗೆ ಕೊಡುತ್ತಿದ್ದರು, ಅದನ್ನು ತುಂಬಲು ಕಟ್ಟಿದ್ದು ಎಂದು ಓದಿದ್ದೆ.

ಇತಿಹಾಸದ ಮೇಷ್ಟ್ರು

ಅಲ್ಲ. ಇಂಗ್ಲೆಂಡಿನ ಯಾವ ದೊಡ್ಡ ಹಳೆಯ ಬಾರ್ನ್ ಕಂಡರೂ ಜನ ಹಾಗೆ ಹೇಳಿಬಿಡುತ್ತಾರೆ. ಹಾರ್ಮಂಡ್ಸ್‌ವರ್ತ್‌ನದು ಜಮೀನ್ದಾರಿಯ ಸ್ವಂತ ಹೊಲದ ಫಸಲಿಗಾಗಿ ಕಟ್ಟಿದ್ದು. ಆ ಜಮೀನ್ದಾರ ಯಾರು ಎಂಬುದು ಸ್ವಾರಸ್ಯ: ಒಂದು ಶಾಲೆ!

ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ, 1069ರಲ್ಲಿ, ಈ ಊರು ಫ್ರಾನ್ಸಿನ ರೂಆನ್ ಪಟ್ಟಣದ ಒಂದು ಕ್ರೈಸ್ತ ಮಠಕ್ಕೆ ಸೇರಿತು. ಮುನ್ನೂರಕ್ಕೂ ಹೆಚ್ಚು ವರ್ಷ ಅದರ ಕೈಯಲ್ಲೇ ಇತ್ತು. 1391ರಲ್ಲಿ ವಿಂಚೆಸ್ಟರಿನ ಬಿಷಪ್ ವಿಲಿಯಂ ಆಫ್ ವಿಕಮ್ ಅದನ್ನು ಕೊಂಡು, ತಾನು 1382ರಲ್ಲಿ ಸ್ಥಾಪಿಸಿದ್ದ ವಿಂಚೆಸ್ಟರ್ ಕಾಲೇಜಿಗೆ ಉಂಬಳಿಯಾಗಿ ಬಿಟ್ಟ. ಊರಿನ ಆದಾಯದಿಂದ ಹುಡುಗರ ಓದು ನಡೆಯಬೇಕು ಎಂಬುದು ಉದ್ದೇಶ. ನಮ್ಮಲ್ಲಿ ಅಗ್ರಹಾರಗಳಿಗೆ, ಘಟಿಕಾಸ್ಥಾನಗಳಿಗೆ ದತ್ತಿ ಬಿಟ್ಟ ಶಾಸನಗಳನ್ನು ಓದಿದವರಿಗೆ ಈ ಏರ್ಪಾಡು ಹೊಸದೆನಿಸದು.

ಶಾಲೆಯವರು ಲೆಕ್ಕ ಇಡುವುದರಲ್ಲಿ ಗಟ್ಟಿಗರು, ಆದ್ದರಿಂದಲೇ ನಮಗೆ ಬಡಗಿಗಳ ಹೆಸರೂ ಸಿಕ್ಕಿದೆ. ವಿಲಿಯಂ ಕಿಪ್ಪಿಂಗ್, ಜಾನ್ ಅಟ್ ಓಕ್ ಎಂಬಿಬ್ಬರು ಥೇಮ್ಸ್ ದಡದ ಕಿಂಗ್‌ಸ್ಟನ್‌ಗೆ ಮರ ನೋಡಲು ಹೋದದ್ದು ಲೆಕ್ಕದಲ್ಲಿದೆ. ಆ ಹೊತ್ತಿಗೆ ಇಂಗ್ಲೆಂಡಿನ ಸಿಂಹಾಸನದಲ್ಲಿದ್ದವನು ನಾಲ್ಕು ವರ್ಷದ ಮಗು, ಆರನೆಯ ಹೆನ್ರಿ. ವಿಜಯನಗರದಲ್ಲಿ ಇಮ್ಮಡಿ ದೇವರಾಯ ಪಟ್ಟಕ್ಕೆ ಬಂದು ಎರಡು ವರ್ಷವಾಗಿತ್ತು.

ಕರಾವಳಿ ಮಳೆ

ಮೇಷ್ಟರೇ, ಅದೇ ಕಾಲದ ಇನ್ನೊಂದನ್ನು ಸೇರಿಸಿ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ಕಲ್ಲಿನಲ್ಲಿ ಕಟ್ಟಿದರೂ ಮಾಡು ಇಳಿಜಾರು. ಚಪ್ಪಡಿಗಳನ್ನು ಜೋಡಿಸಿದ ರೀತಿ ಹಲಗೆ ಹೊದಿಸಿದ ಹಾಗೆಯೇ ಇದೆ. ನಮ್ಮ ಶಿಲ್ಪಿಗಳ ಕೈಗೆ ಮರಗೆಲಸ ಎಷ್ಟು ಒಗ್ಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕರಾವಳಿಯಲ್ಲಿ ಆ ಕಾಲದ ಮರದ ಕಟ್ಟಡ ಮಾತ್ರ ಹುಡುಕಿದರೂ ಸಿಗುವುದು ಕಷ್ಟ.

ಬಾಚಿ ಉಳಿ

ಎರಡನೆಯ ಪ್ರಶ್ನೆ ನನಗೆ ಬಿಡಿ. ನಮ್ಮದು ತಲೆಮಾರುಗಳಿಂದ ಮರಗೆಲಸದ ಮನೆ. ಬ್ರಿಟನ್ನಿನ ಹಳೆಯ ಚೌಕಟ್ಟುಗಳನ್ನು ದುರಸ್ತಿ ಮಾಡುವವರ ಜೊತೆ ಕೆಲಸ ಮಾಡಿದ್ದೇನೆ.

ಮೊದಲು ತಿಳಿಯಬೇಕಾದ್ದು, ಅವರು ಓಕ್ ಮರವನ್ನು ಒಣಗಿಸಿ ಬಳಸುತ್ತಿರಲಿಲ್ಲ. ಕಡಿದ ಹಸಿ ಮರವನ್ನೇ ಕೆತ್ತುತ್ತಿದ್ದರು, ಏಕೆಂದರೆ ಒಣಗಿದ ಓಕ್ ಉಳಿಗೆ ಬಗ್ಗುವುದಿಲ್ಲ. ಒಂದು ಮರದಲ್ಲಿ ಚೌಕ ತೂತು, ಇನ್ನೊಂದರ ತುದಿಯಲ್ಲಿ ಅದರೊಳಗೆ ಕೂರುವ ನಾಲಿಗೆ. ಎರಡಕ್ಕೂ ಅಡ್ಡಲಾಗಿ ಗೂಟದ ತೂತು ಕೊರೆಯುತ್ತಾರೆ. ಸೂಕ್ಷ್ಮ ಇರುವುದು ಅಲ್ಲೇ: ನಾಲಿಗೆಯ ತೂತನ್ನು ಒಂದಿಷ್ಟೇ ಇಷ್ಟು, ಒಂದು ನೂಲಿನಷ್ಟು, ತೊಲೆಯ ಮೈಯ ಕಡೆಗೆ ಸರಿಸಿ ಕೊರೆದಿರುತ್ತಾರೆ. ಚೂಪು ತುದಿಯ ಗೂಟವನ್ನು ಹೊಡೆದಾಗ ಅದು ಸೊಟ್ಟ ದಾರಿಯಲ್ಲಿ ನುಗ್ಗಬೇಕಾಗುತ್ತದೆ. ನುಗ್ಗುತ್ತಾ ನುಗ್ಗುತ್ತಾ ತೊಲೆಯನ್ನು ಕಂಬಕ್ಕೆ ಎಳೆದು ಕಚ್ಚಿಸುತ್ತದೆ. ಮರ ಒಣಗಿ ಸೆಟೆದ ಮೇಲಂತೂ ಅದು ತಾನಾಗಿ ಬಿಡುವುದಿಲ್ಲ. ಹಳೆಯ ಚೌಕಟ್ಟು ಬಿಚ್ಚುವಾಗ ತೆಗೆದ ಗೂಟವನ್ನು ನೋಡಿದ್ದೇನೆ, ಎರಡು ಕಡೆ ಮಣಿದು ನಿಂತಿರುತ್ತದೆ.

ಇನ್ನೊಂದು: ಆ ಕಾಲದ ಬಡಗಿಗಳು ಇಂಥ ಕಂಬಗಳನ್ನು ತಲೆಕೆಳಗಾಗಿ ನಿಲ್ಲಿಸುತ್ತಿದ್ದರು. ಮರದ ಬುಡ ಮೇಲೆ, ತುದಿ ಕೆಳಗೆ. ಬುಡ ಸಹಜವಾಗಿ ದಪ್ಪ. ಕಂಬದ ನೆತ್ತಿಯಲ್ಲಿ ಅಡ್ಡ ತೊಲೆ, ಉದ್ದ ತೊಲೆ, ಆಸರೆ ಎಲ್ಲವೂ ಒಂದೇ ಕಡೆ ಸೇರಬೇಕು. ಅಷ್ಟೊಂದು ತೂತು ಕೊರೆದ ಮೇಲೂ ಮರ ಉಳಿದಿರಬೇಕಾದರೆ ಅಲ್ಲಿ ಅಗಲ ಬೇಕು. ಕಂಬದ ಮೇಲ್ತುದಿ ಅಗಲವಾಗುತ್ತಾ ಹೋಗಿರುವುದನ್ನು ಗಮನಿಸಿದಿರಾ?

ಸ್ಲೌ ಕನ್ನಡಿಗ

ಗಮನಿಸಿದೆವು! ಮಾವನವರು ಅದನ್ನೇ ತೋರಿಸಿ, ಇದು ಕೆತ್ತಿದ ಅಲಂಕಾರವಲ್ಲ, ಮರವೇ ಹಾಗಿದೆ ಎಂದರು. ಅಲ್ಲಲ್ಲಿ ಗೀರಿದ ಗುರುತುಗಳೂ ಕಂಡವು, ರೋಮನ್ ಅಂಕಿಗಳ ಹಾಗೆ. ಅವು ಏನು?

ಬಾಚಿ ಉಳಿ

ಬಡಗಿಗಳ ಗುರುತು. ಪ್ರತಿಯೊಂದು ಚೌಕಟ್ಟನ್ನೂ ಮೊದಲು ನೆಲದ ಮೇಲೆ ಮಲಗಿಸಿ ಜೋಡಿಸಿ ನೋಡುತ್ತಾರೆ. ಎರಡು ಮರಗಳು ಸೇರುವ ಜಾಗ ಒಂದರಂತೆ ಇನ್ನೊಂದಿರುವುದಿಲ್ಲ. ಆ ನಾಲಿಗೆ ಆ ತೂತಿಗೇ ಸರಿ, ಪಕ್ಕದ್ದಕ್ಕೆ ಕೂರದು. ಆದ್ದರಿಂದ ಜೋಡಿಯ ಎರಡೂ ಕಡೆ ಒಂದೇ ಗುರುತು ಹಾಕಿ, ಬಿಚ್ಚಿ, ಒಂದೊಂದಾಗಿ ಎತ್ತಿ ನಿಲ್ಲಿಸುತ್ತಾರೆ. ನಮ್ಮ ಕಡೆಯ ಬಡಗಿಗಳೂ ತೊಲೆ ಜಂತೆಗಳಿಗೆ ಗೀರು ಹಾಕಿ ಗುರುತಿಡುವುದು ಹೀಗೆಯೇ.

ಕಟ್ಟಡ ಎಂಜಿನಿಯರ್

ಜೋಡಣೆ ಸರಿ, ಆದರೆ 600 ವರ್ಷ ನಿಂತದ್ದಕ್ಕೆ ಕಾರಣ ಅದೊಂದೇ ಅಲ್ಲ, ಓಕ್ ಅಂತೂ ಖಂಡಿತ ಅಲ್ಲ. ಎಂಥ ಮರವಾದರೂ ಒದ್ದೆ ನೆಲ ಮುಟ್ಟಿದರೆ ಕೊಳೆಯುತ್ತದೆ. ಈ ಕಂಬಗಳು ಕಲ್ಲಿನ ಪೀಠಗಳ ಮೇಲೆ ಕುಳಿತಿವೆ, ಗೋಡೆಯ ಬುಡದಲ್ಲೂ ಕಲ್ಲಿನ ಕಟ್ಟೆಯಿದೆ. ಅದಕ್ಕಿಂತ ಹಿಂದೆ ಯುರೋಪಿನಲ್ಲಿ ಕಂಬವನ್ನು ಗುಂಡಿ ತೋಡಿ ನೆಡುತ್ತಿದ್ದರು. ಅಂಥವುಗಳಲ್ಲಿ ಈಗ ಉಳಿದಿರುವುದು ಮಣ್ಣಿನಲ್ಲಿ ಗುಂಡಿಯ ಗುರುತು ಮಾತ್ರ.

ಕಂಬ ನೆಟ್ಟಾಗ ಗಾಳಿಯ ಹೊಡೆತವನ್ನು ನೆಲವೇ ತಡೆದುಕೊಳ್ಳುತ್ತದೆ. ಕಲ್ಲಿನ ಮೇಲೆ ಸುಮ್ಮನೆ ಇಟ್ಟಾಗ ಚೌಕಟ್ಟು ತನ್ನಷ್ಟಕ್ಕೆ ತಾನೇ ಬಿಗಿಯಾಗಿರಬೇಕು. ಆ ಬಾಗಿದ ಆಸರೆಗಳು ಬಂದದ್ದು ಅದಕ್ಕಾಗಿ. ಅವು ಮಾಡುವ ತ್ರಿಕೋನವೇ ಇಡೀ ಕಟ್ಟಡವನ್ನು ವಾಲದಂತೆ ಹಿಡಿದಿರುವುದು. ಎರಡು ಬದಿಯ ಇಳಿಮಾಡುಗಳು ನಡುವಿನ ಎತ್ತರದ ಭಾಗವನ್ನು ಎರಡೂ ಕಡೆಯಿಂದ ಒತ್ತಿ ನಿಂತಿವೆ. ಹೀಗೆ 13 ಚೌಕಟ್ಟು, ಅವುಗಳ ನಡುವೆ 12 ಅಂಕಣ.

ಎಲ್ಲಕ್ಕಿಂತ ಮುಖ್ಯ ಮಾಡು. ಹಂಚು ಸರಿಯಿದ್ದಷ್ಟು ದಿನ ಕಟ್ಟಡಕ್ಕೆ ಸಾವಿಲ್ಲ. ಇಲ್ಲಿ ಕೃಷಿ ಬಳಕೆ 1970ರ ದಶಕದವರೆಗೂ ನಡೆದಿತ್ತು, ಒಳಗೆ ಬೆಲೆಬಾಳುವ ಸರಕು ಇದ್ದಾಗ ಯಾರೂ ಸೋರುವ ಮಾಡನ್ನು ಹಾಗೇ ಬಿಡುವುದಿಲ್ಲ.

ಬಾಚಿ ಉಳಿ

ಓಕ್ ಅಲ್ಲ ಎನ್ನಬೇಡಿ ಎಂಜಿನಿಯರ್ ಸಾಹೇಬರೇ. ಅದೇ ಕಲ್ಲು, ಅದೇ ಮಾಡು, ಆದರೆ ಬರ್ಚ್ ಮರದಲ್ಲಿ ಕಟ್ಟಿದ್ದರೆ ಇವತ್ತು ಏನೂ ಇರುತ್ತಿರಲಿಲ್ಲ. ಓಕ್ ಮರದ ಒಳತಿರುಳಿನಲ್ಲಿ ಟ್ಯಾನಿನ್ ತುಂಬಿರುತ್ತದೆ, ಹುಳುವಿಗೆ ಅದು ರುಚಿಸುವುದಿಲ್ಲ. ಕಬ್ಬಿಣದ ಮೊಳೆ ಹೊಡೆದರೆ ಅದೇ ಟ್ಯಾನಿನ್ ಮೊಳೆಯನ್ನು ತಿಂದು ಸುತ್ತ ಕಪ್ಪು ಕಲೆ ಮಾಡುತ್ತದೆ. ಗೂಟ ಬಳಸಲು ಅದೂ ಒಂದು ಕಾರಣ. ಅಂದಹಾಗೆ, ಇಡೀ ಕಟ್ಟಡದಲ್ಲಿ ಮೊಳೆಯೇ ಇಲ್ಲ ಎಂದು ಯಾರೂ ಹಬ್ಬಿಸಬೇಡಿ. ಗೋಡೆಯ ಹಲಗೆಗಳಿಗೆ ಮೊಳೆ ಇರುತ್ತದೆ. ಭಾರ ಹೊರುವ ಚೌಕಟ್ಟಿನಲ್ಲಿ ಮಾತ್ರ ಗೂಟ.

ಮಲೆನಾಡು ಅಡಿಕೆ

ನೀವಿಬ್ಬರೂ ಒಂದನ್ನು ಮರೆತಿರಿ: ಗೆದ್ದಲು. ಇಂಗ್ಲೆಂಡಿನಲ್ಲಿ ಅದರ ಕಾಟವಿಲ್ಲ. ನಮ್ಮ ಕೊಟ್ಟಿಗೆಯ ಕಂಬವನ್ನೂ ಕಲ್ಲಿನ ಮೇಲೆಯೇ ಇಟ್ಟಿದ್ದಾರೆ, ಆದರೂ ಮಣ್ಣಿನ ಗೋಡೆಯೊಳಗಿಂದ ಸುರಂಗ ಮಾಡಿಕೊಂಡು ಜಂತೆಗೆ ಹತ್ತುತ್ತದೆ. ಮಲೆನಾಡಿನ ಮಳೆ, ಗೆದ್ದಲು ಎರಡನ್ನೂ ತಡೆದು 150 ವರ್ಷ ನಿಂತ ಮನೆಯನ್ನು ಲಂಡನ್ನಿನ 600 ವರ್ಷಕ್ಕಿಂತ ಕಡಿಮೆ ಎಂದು ನಾನು ಒಪ್ಪುವುದಿಲ್ಲ.

ಬಾಚಿ ಉಳಿ

ಒಪ್ಪಬೇಕಾಗಿಲ್ಲ. ಆದರೆ ಅಲ್ಲೂ ಹುಳುವಿದೆ. ಡೆತ್‌ವಾಚ್ ಎಂಬ ದುಂಬಿ ಒದ್ದೆಯಾದ ಹಳೆಯ ಓಕ್ ಮರದಲ್ಲೇ ಮನೆ ಮಾಡುತ್ತದೆ. ಸಂಗಾತಿಯನ್ನು ಕರೆಯಲು ಮರಕ್ಕೆ ತಲೆ ಕುಟ್ಟುತ್ತದೆ, ನಿಶ್ಶಬ್ದ ಇದ್ದರೆ ಟಕ್ ಟಕ್ ಎಂದು ಕೇಳಿಸುತ್ತದೆ. ಕಾಯಿಲೆಯವರ ಹಾಸಿಗೆಯ ಪಕ್ಕ ಎಚ್ಚರವಿದ್ದವರಿಗೆ ಈ ಸದ್ದು ಕೇಳಿ, ಸಾವಿನ ಶಕುನ ಎಂದು ನಂಬಿದ್ದರು.

ತೆಂಗಿನ ಗರಿ

ಅಬ್ಬಾ! ನಮ್ಮಲ್ಲಿ ಹಲ್ಲಿ ಲೊಚಗುಟ್ಟಿದರೆ ಶಕುನ, ಅಲ್ಲಿ ದುಂಬಿ ಕುಟ್ಟಿದರೆ.

ಕಾಗೋಡು ಸೀಮೆಯವಳು

ಕಂಬ, ಗೂಟ, ಹಂಚು ಎಲ್ಲ ಓದಿ ಸಂತೋಷವಾಯಿತು. ಆದರೆ ಆ ಕಣಜದಲ್ಲಿ ತುಂಬಿದ್ದು ಯಾರ ಬೆವರು ಎಂದು ಇಲ್ಲಿ ಯಾರೂ ಕೇಳುತ್ತಿಲ್ಲ. ರೈತನ ಮನೆಯ ಕಣಜ 60 ಮೀಟರ್ ಇರುವುದಿಲ್ಲ. ಅಷ್ಟು ದೊಡ್ಡದನ್ನು ಕಟ್ಟಿಸುವವನು ಒಡೆಯ ಮಾತ್ರ. ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಸತ್ಯಾಗ್ರಹ ಏಕೆ ನಡೆಯಿತು? ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆ. ಒಡೆಯರ ಕೊಳಗ ದೊಡ್ಡದು, ಗೇಣಿದಾರ ಅಳೆದುಕೊಟ್ಟಷ್ಟೂ ಸಾಲದು. ದೊಡ್ಡ ಕಣಜವನ್ನು ನೋಡಿದರೆ ನನ್ನ ಕಣ್ಣಿಗೆ ಮೊದಲು ಬರುವುದು ಆ ಕೊಳಗ.

ಗಾಳಿಪಟ

ಕಟ್ಟಡದ ಚರ್ಚೆಯಲ್ಲಿ ಗೇಣಿ ಏಕೆ ಬಂತು ಅಕ್ಕ? ಎಲ್ಲದಕ್ಕೂ ರಾಜಕೀಯ ಬೆರೆಸಬೇಕೇ?

ಕಾಗೋಡು ಸೀಮೆಯವಳು

ಕಣಜದ ಬಾಗಿಲಿನಲ್ಲೇ ಅಳತೆ ನಡೆಯುತ್ತಿದ್ದುದು ತಮ್ಮಾ. ಕಟ್ಟಡ ಏತಕ್ಕೆ ಇತ್ತು ಎಂದು ಕೇಳಿದ ಮೇಲೆ ಯಾರಿಗಾಗಿ ಇತ್ತು ಎಂದೂ ಕೇಳಬೇಕು. ಕ್ಯಾಥೆಡ್ರಲ್ ಎಂದು ಹೊಗಳುವಾಗ ಬಡಿಗೆ ಹಿಡಿದು ಚಳಿಗಾಲವಿಡೀ ದೂಳು ಕುಡಿದವರನ್ನು ಬಿಟ್ಟುಬಿಡುವುದು ಸರಿಯಲ್ಲ.

ಇತಿಹಾಸದ ಮೇಷ್ಟ್ರು

ಅವರ ಮಾತು ಈ ಊರಿಗೆ ನೇರವಾಗಿ ಸಲ್ಲುತ್ತದೆ. 13ನೇ ಶತಮಾನದಲ್ಲಿ ಹಾರ್ಮಂಡ್ಸ್‌ವರ್ತ್‌ನ ಗೇಣಿದಾರರು ಆ ಫ್ರೆಂಚ್ ಮಠದ ವಿರುದ್ಧ ನ್ಯಾಯಾಲಯಕ್ಕೇ ಹೋಗಿದ್ದರು. ನಮ್ಮದು ಮೂಲತಃ ರಾಜನ ಭೂಮಿ, ಮಠ ನಮ್ಮ ಮೇಲೆ ಹೊಸ ಬಿಟ್ಟಿ ಹೇರುವಂತಿಲ್ಲ ಎಂಬುದು ಅವರ ವಾದ. ಹಳೆಯ ದಾಖಲೆ ತೆಗೆಸಿ ನೋಡಿದಾಗ ತೀರ್ಪು ಅವರಿಗೆ ವಿರುದ್ಧವಾಯಿತು. ಕಣಜ ಬಂದದ್ದು ಆಮೇಲೆ, ಇನ್ನೊಬ್ಬ ಒಡೆಯನ ಕಾಲದಲ್ಲಿ. ಆದರೆ ಊರಿನ ನೆನಪಿನಲ್ಲಿ ಅದು ಇದ್ದೇ ಇದ್ದಿರಬೇಕು.

ಇಂಥ ದೊಡ್ಡ ಬಾರ್ನ್‌ಗಳನ್ನು ಕಟ್ಟಿಸಿದವರ ಪಟ್ಟಿ ನೋಡಿದರೂ ಅಷ್ಟೇ. ಎಸೆಕ್ಸ್ ಸೀಮೆಯ ಕ್ರೆಸಿಂಗ್ ಟೆಂಪಲ್‌ನಲ್ಲಿ ಎರಡು ಇವೆ, ಬಾರ್ಲಿಯದೊಂದು, ಗೋಧಿಯದೊಂದು. ಎರಡೂ 13ನೇ ಶತಮಾನದವು, ಹಾರ್ಮಂಡ್ಸ್‌ವರ್ತ್‌ಗಿಂತ ಹಳೆಯವು. ಕಟ್ಟಿಸಿದವರು ಟೆಂಪ್ಲರ್ ಎಂಬ ಯೋಧ ಸನ್ಯಾಸಿಗಳು. ಆ ಭೂಮಿಯನ್ನು ಅವರಿಗೆ 1137ರಲ್ಲಿ ರಾಣಿ ಮಟಿಲ್ಡಾ ಕೊಟ್ಟಿದ್ದಳು. ಗ್ರೇಟ್ ಕಾಕ್ಸ್‌ವೆಲ್‌ನದು ಬ್ಯೂಲಿ ಮಠದ್ದು, ಸುತ್ತ ಕಲ್ಲಿನ ಗೋಡೆ, ಒಳಗೆ ಮರ. ಮಠ, ಬಿಷಪ್, ಶಾಲೆ, ಯೋಧರು. ಉಳುವವನ ಹೆಸರು ಎಲ್ಲೂ ಇಲ್ಲ.

ಚಿಕ್ಕಮಗಳೂರು ಕಾಫಿ

ಇದರ ವಯಸ್ಸನ್ನು ಅಷ್ಟು ಖಚಿತವಾಗಿ ಹೇಗೆ ಹೇಳುತ್ತಾರೆ? ಲೆಕ್ಕಪತ್ರ ಸಿಕ್ಕಿದ್ದು ಅದೃಷ್ಟ, ಸಿಗದ ಕಡೆ?

ಕಟ್ಟಡ ಎಂಜಿನಿಯರ್

ಮರದ ಉಂಗುರಗಳಿಂದ. ಮಳೆ ಚೆನ್ನಾಗಿದ್ದ ವರ್ಷ ಉಂಗುರ ಅಗಲ, ಬರದ ವರ್ಷ ಕಿರಿದು. ಒಂದೇ ಸೀಮೆಯಲ್ಲಿ ಬೆಳೆದ ಓಕ್‌ಗಳೆಲ್ಲ ಆ ಏರಿಳಿತವನ್ನು ಒಂದೇ ಕ್ರಮದಲ್ಲಿ ದಾಖಲಿಸಿರುತ್ತವೆ. ತೊಲೆಯಿಂದ ಪೆನ್ಸಿಲ್ ದಪ್ಪದ ಒಂದು ತಿರುಳನ್ನು ಕೊರೆದು ತೆಗೆದು, ಅಗಲಗಳನ್ನು ಅಳೆದು, ಈಗಾಗಲೇ ಕಟ್ಟಿಟ್ಟಿರುವ ಸಾವಿರಾರು ವರ್ಷಗಳ ಸರಣಿಯ ಪಕ್ಕದಲ್ಲಿಟ್ಟು ಹೊಂದಿಸುತ್ತಾರೆ. ತೊಲೆಯ ಮೂಲೆಯಲ್ಲಿ ತೊಗಟೆಯ ಅಂಚು ಉಳಿದಿದ್ದರೆ, ಮರ ಕಡಿದದ್ದು ಯಾವ ವರ್ಷದ ಚಳಿಗಾಲದಲ್ಲಿ ಎನ್ನುವವರೆಗೂ ಹೇಳಬಹುದು. ಹಸಿ ಮರವನ್ನೇ ಬಳಸುತ್ತಿದ್ದುದರಿಂದ ಕಡಿದ ವರ್ಷಕ್ಕೂ ಕಟ್ಟಿದ ವರ್ಷಕ್ಕೂ ಹೆಚ್ಚು ಅಂತರವಿರುವುದಿಲ್ಲ. ಹಾರ್ಮಂಡ್ಸ್‌ವರ್ತ್‌ನಲ್ಲಿ ಉಂಗುರದ ಲೆಕ್ಕವೂ ಶಾಲೆಯ ಲೆಕ್ಕವೂ ಒಂದಕ್ಕೊಂದು ತಾಳೆಯಾಗುತ್ತವೆ.

ಮಲೆನಾಡು ಅಡಿಕೆ

ನಮ್ಮ ತೇಗದಲ್ಲೂ ವರ್ಷದ ಉಂಗುರ ಸ್ಪಷ್ಟವಾಗಿರುತ್ತದೆ, ಅದರಿಂದ ಮುಂಗಾರಿನ ಚರಿತ್ರೆಯನ್ನೇ ಓದುತ್ತಿದ್ದಾರೆ. ಆದರೆ ಹಲಸು, ಮತ್ತಿ ಹಾಕಿದ ಮನೆಗಳಿಗೆ ಈ ವಿಧಾನ ಅಷ್ಟು ಸುಲಭವಾಗಿ ಒಗ್ಗದು.

ಕರಾವಳಿ ಮಳೆ

ಹಂಚಿನ ಮಾತು ಬಂತಲ್ಲ, ಒಂದು ಪ್ರಶ್ನೆ. ಅಲ್ಲಿನದು ನಮ್ಮ ಮಂಗಳೂರು ಹಂಚಿನಂತೆ ಒಂದಕ್ಕೊಂದು ಸಿಕ್ಕಿಕೊಳ್ಳುವುದೇ?

ಸ್ಲೌ ಕನ್ನಡಿಗ

ಅಲ್ಲ. ಚಪ್ಪಟೆಯಾದ ಚಿಕ್ಕ ಹಂಚು, ಮೀನಿನ ಹುರುಪೆಯಂತೆ ಒಂದರ ಮೇಲೊಂದು ದಟ್ಟವಾಗಿ ಹೊದಿಸಿದ್ದಾರೆ. ನೋಡಿದರೇ ಭಾರ ಗೊತ್ತಾಗುತ್ತದೆ.

ಕರಾವಳಿ ಮಳೆ

ಹಾಗಾದರೆ ಮರವೂ ಅಷ್ಟೇ ದಪ್ಪ ಬೇಕಾಯಿತು. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಕಡೆ ಮಾಡಿನ ಲೆಕ್ಕವೇ ಬದಲಾಯಿತು. ಸಿಕ್ಕಿಕೊಳ್ಳುವ ಹಂಚಿಗೆ ಒಂದರ ಮೇಲೊಂದು ಅಷ್ಟು ಹೊದಿಕೆ ಬೇಡ. ಪಕ್ಕಾಸಿನ ಮೇಲೆ ರೀಪು ಹೊಡೆದು ಹೊದಿಸಿದರೆ ಮುಗಿಯಿತು. ಮುಳಿಹುಲ್ಲು ಹೊದಿಸುತ್ತಿದ್ದ ಮನೆಗಳೆಲ್ಲ ಹಂಚಿನ ಮನೆಗಳಾದವು.

ಲಂಡನ್ ಲಾಲ್‌ಬಾಗ್

ಎಲ್ಲರೂ ಕಟ್ಟಿದ ಕಥೆ ಹೇಳುತ್ತಿದ್ದೀರಿ. ಅದು ಕೈತಪ್ಪಲಿದ್ದ ಕಥೆ ಗೊತ್ತೇ? 2006ರಲ್ಲಿ ಒಂದು ಆಸ್ತಿ ಕಂಪನಿ ಇದನ್ನು 1 ಪೌಂಡಿಗೆ ಕೊಂಡಿತು. ವಿಮಾನ ನಿಲ್ದಾಣ ವಿಸ್ತರಣೆಯಾದರೆ ಪರಿಹಾರ ಬರುತ್ತದೆ ಎಂಬ ಆಸೆ. ದುರಸ್ತಿ ಮಾಡಲಿಲ್ಲ. ಹಂಚು ಜಾರಿತು, ನೀರಿಳಿಯಿತು. ಕೊನೆಗೆ 2009ರಲ್ಲಿ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ತುರ್ತು ದುರಸ್ತಿಯ ನೋಟಿಸ್ ಕೊಟ್ಟು ತಾನೇ ಕೈಹಾಕಿತು. 2012ರಲ್ಲಿ 20,000 ಪೌಂಡ್ ಕೊಟ್ಟು ಕೊಂಡುಕೊಂಡಿತು. ಆಮೇಲೆ ಹಂಚು, ಹಲಗೆ, ಮರ ಎಲ್ಲಕ್ಕೂ ಕೆಲಸ ನಡೆಯಿತು. ಈಗ ಬಾಗಿಲು ತೆರೆದು ತೋರಿಸುವವರು ಸ್ಥಳೀಯ ಸ್ವಯಂಸೇವಕರು. ಮೊದಲಿನಿಂದಲೂ ಗಲಾಟೆ ಮಾಡಿ ಅದನ್ನು ಉಳಿಸಿದ್ದೂ ಊರಿನವರೇ.

ಮೂರನೇ ರನ್‌ವೇ ಯೋಜನೆ ಇನ್ನೂ ಮುಗಿದ ಅಧ್ಯಾಯವಲ್ಲ. 2018ರಲ್ಲಿ ಸಂಸತ್ತು ಒಪ್ಪಿದ ನಕ್ಷೆಯಂತೆ ಹಳ್ಳಿಯ ಬಹುಪಾಲು ಹೋಗುತ್ತದೆ, ಕಣಜ ಮಾತ್ರ ಬೇಲಿಯ ಆಚೆ ಉಳಿಯುತ್ತದೆ. ಊರಿಲ್ಲದ ಊರಿನಲ್ಲಿ ಕಣಜ ಒಂದೇ ನಿಂತು ಏನು ಮಾಡಬೇಕು?

ಗಾಳಿಪಟ

ಬಿಚ್ಚಿ ಬೇರೆ ಕಡೆ ಜೋಡಿಸಬಹುದಲ್ಲ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈಯವರು ಎಷ್ಟೊಂದು ಮನೆಗಳನ್ನು ಹಾಗೆ ಉಳಿಸಲಿಲ್ಲವೇ?

ಬಾಚಿ ಉಳಿ

ಬಿಚ್ಚಬಹುದು, ಗೂಟದ ಕಟ್ಟಡದ ಗುಣವೇ ಅದು. ಇಂಗ್ಲೆಂಡಿನಲ್ಲೂ ಸಸೆಕ್ಸಿನ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಸಂಗ್ರಹಾಲಯದಲ್ಲಿ ಇದನ್ನೇ ಮಾಡಿದ್ದಾರೆ. ಆದರೆ ಅದು ಬೇರೆ ದಾರಿ ಇಲ್ಲದಾಗ ಮಾಡುವ ಕೆಲಸ. 600 ವರ್ಷ ಒಂದೇ ಭಾರಕ್ಕೆ ಒಗ್ಗಿಕೊಂಡ ಮರ, ಬಿಚ್ಚಿದಾಗ ಸೊಟ್ಟಾಗಿಯೇ ಇರುತ್ತದೆ. ಗೂಟ ಮುರಿಯುತ್ತದೆ, ನಾಲಿಗೆ ಸೀಳುತ್ತದೆ.

ಚಿಕ್ಕಮಗಳೂರು ಕಾಫಿ

ದುರಸ್ತಿಯಲ್ಲಿ ಹೊಸ ಮರ ಹಾಕಿದ ಮೇಲೆ ಅದು ಹಳೆಯ ಕಟ್ಟಡ ಹೇಗಾಗುತ್ತದೆ?

ಕಟ್ಟಡ ಎಂಜಿನಿಯರ್

ಇಲ್ಲಿ ಆ ವಾದಕ್ಕೆ ಜಾಗ ಕಡಿಮೆ. ಚೌಕಟ್ಟಿನ ಮರದಲ್ಲಿ ಶೇಕಡಾ 95ರಷ್ಟು ಮೂಲದ್ದೇ ಎನ್ನುತ್ತಾರೆ. ಕೊಳೆತದ್ದನ್ನು ಮಾತ್ರ ಕತ್ತರಿಸಿ, ಅಷ್ಟಕ್ಕೇ ಹೊಸ ಓಕ್ ತುಂಡನ್ನು ಓರೆಯಾಗಿ ಬೆಸೆಯುವುದು ಅಲ್ಲಿಯ ಪದ್ಧತಿ. ಹಂಚು, ಹಲಗೆಗಳು ಕಾಲಕಾಲಕ್ಕೆ ಬದಲಾಗಬೇಕಾದವೇ.

ಮಲೆನಾಡು ಅಡಿಕೆ

ನಮ್ಮ ಕಡೆ ಅಷ್ಟು ತಾಳ್ಮೆ ಯಾರಿಗಿದೆ? ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಸುತ್ತ ಹಳೆಯ ಮನೆ ಬಿಚ್ಚಿದರೆ ಮರ ಕೊಳ್ಳುವವರು ಮರುದಿನವೇ ಲಾರಿ ತರುತ್ತಾರೆ. ಕಂಬ ರೆಸಾರ್ಟಿಗೆ, ಬಾಗಿಲು ಬೆಂಗಳೂರಿನ ಬಂಗಲೆಗೆ. ಮನೆಗಾದರೂ ಕೆತ್ತನೆ ಇದೆ ಎಂದು ಬೆಲೆ ಬರುತ್ತದೆ. ಕೊಟ್ಟಿಗೆ, ಅಡಿಕೆ ಅಟ್ಟಗಳಿಗೆ ಕೆತ್ತನೆಯಿಲ್ಲ, ಅವು ಸೌದೆಯ ಲೆಕ್ಕಕ್ಕೆ ಹೋಗುತ್ತವೆ. ಬೇಸಾಯದ ಕಟ್ಟಡವನ್ನೂ ಕಟ್ಟಡ ಎಂದು ಗೌರವಿಸಿದ್ದು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿದೆ. ನಮ್ಮ ಪಟ್ಟಿಯಲ್ಲಿ ದೇವಸ್ಥಾನ, ಅರಮನೆ, ಕೋಟೆ ಬಿಟ್ಟರೆ ಬೇರೇನೂ ಇಲ್ಲ.

ಕಾಗೋಡು ಸೀಮೆಯವಳು

ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆಯಿದೆ. ಒಡೆಯನದೇ ಇರಲಿ, ಗೇಣಿದಾರನದೇ ಇರಲಿ, ದುಡಿಮೆಯ ಕಟ್ಟಡ ಉಳಿಯಬೇಕು. ದುಡಿದವರ ಕಥೆಯನ್ನು ಇನ್ನೆಲ್ಲಿ ನಿಂತು ಹೇಳುವುದು?

ಹೊಸನಗರ ಹುಡುಗಿ

ಓದುತ್ತಾ ಬಂದೆ, ಈಗ ಕೇಳಲೇಬೇಕಾಗಿದೆ. ನಮ್ಮ ಅಜ್ಜನ ಮನೆಯ ಕೊಟ್ಟಿಗೆಯನ್ನು ಮಳೆಗಾಲಕ್ಕೆ ಮುನ್ನ ಕೆಡವಬೇಕೆಂದು ಚಿಕ್ಕಪ್ಪ ನಿರ್ಧರಿಸಿದ್ದಾರೆ. ದನ ಇಲ್ಲ, ಮಾಡು ಸೋರುತ್ತಿದೆ, ಮೇಲೆ ಹುಲ್ಲಿನ ಅಟ್ಟ. ಕಂಬಗಳು ಮತ್ತಿ ಮರದವು ಎನ್ನುತ್ತಾರೆ. ಅವರನ್ನು ಒಪ್ಪಿಸುವುದು ನನ್ನಿಂದ ಆಗದು. ಏನಾದರೂ ಮಾಡಬಹುದೇ?

ಮಲೆನಾಡು ಅಡಿಕೆ

ಸದ್ಯಕ್ಕೆ ಮಾಡಿನ ಮೇಲೊಂದು ಟಾರ್ಪಾಲು ಹೊದಿಸಿ ಈ ಮಳೆಗಾಲ ದಾಟಿಸಿ. ಚಿಕ್ಕಪ್ಪನವರಿಗೆ ಅಡಿಕೆ ಒಣಗಿಸಲು, ಗೊಬ್ಬರದ ಚೀಲ ಇಡಲು ಜಾಗ ಬೇಕೇ ಬೇಕು. ಹೊಸ ಶೀಟಿನ ಶೆಡ್ಡಿಗೆ ಎಷ್ಟಾಗುತ್ತದೆ, ಹಳೆಯ ಹಂಚು ಸರಿಮಾಡಿಸಲು ಎಷ್ಟಾಗುತ್ತದೆ ಎಂದು ಎರಡೂ ಲೆಕ್ಕ ಅವರ ಮುಂದಿಡಿ. ಪರಂಪರೆ ಎಂದರೆ ಅವರು ಕೇಳುವುದಿಲ್ಲ, ಖರ್ಚು ಎಂದರೆ ಕೇಳುತ್ತಾರೆ.

ಕಟ್ಟಡ ಎಂಜಿನಿಯರ್

ಉಳಿಯದಿದ್ದರೂ ದಾಖಲೆ ಉಳಿಯಲಿ. ಎರಡು ಕಂಬಗಳ ನಡುವಿನ ಅಂತರ, ಕಂಬದ ದಪ್ಪ, ಮಾಡಿನ ಇಳಿಜಾರು ಅಳೆದು ಬರೆದಿಡಿ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಅಳತೆ ಟೇಪು ಇಟ್ಟಿರಿ. ಕಟ್ಟಿದವರು ಯಾರು, ಮರ ಯಾವ ಕಾಡಿನಿಂದ ಬಂತು ಎಂದು ಅಜ್ಜಿಯನ್ನು ಈಗಲೇ ಕೇಳಿ ಬರೆದುಕೊಳ್ಳಿ.

ಬಾಚಿ ಉಳಿ

ಕಂಬದ ನೆತ್ತಿಗೆ ತೊಲೆ ಸೇರುವ ಜಾಗದ ಫೋಟೋ ನನಗೆ ಬೇಕು, ಎರಡೂ ಬದಿಯಿಂದ. ಬೆಳಕನ್ನು ಓರೆಯಾಗಿ ಬಿಟ್ಟು ತೆಗೆಯಿರಿ, ಬಾಚಿಯ ಏಟು ಮತ್ತು ಗೀರಿದ ಗುರುತು ಆಗಲೇ ಕಾಣುವುದು. ಗುರುತು ಸಿಕ್ಕಿದರೆ ಬಿಚ್ಚುವುದಕ್ಕೂ ಜೋಡಿಸುವುದಕ್ಕೂ ಆಗುತ್ತದೆ. ಒಂದು ವೇಳೆ ಬಿಚ್ಚಲೇಬೇಕಾದರೆ ಗರಗಸ ಹಾಕಲು ಬಿಡಬೇಡಿ. ಗೂಟವನ್ನು ಹಿಂದಿನಿಂದ ಹೊಡೆದು ತೆಗೆಯಬೇಕು.

ಸ್ಲೌ ಕನ್ನಡಿಗ

ಎಲ್ಲವನ್ನೂ ಮಾವನವರಿಗೆ ಓದಿ ಹೇಳಿದೆ. ರಾಗಿಕಣ ಅವರ ಉತ್ತರಕ್ಕೆ ತಲೆದೂಗಿದರು, ಎಂಜಿನಿಯರ್ ಮತ್ತು ಬಾಚಿ ಉಳಿ ಅವರ ಜಗಳದಲ್ಲಿ ಬಾಚಿ ಉಳಿ ಅವರ ಪಕ್ಷ. ನೋಡಲು ಹೋಗುವವರಿಗೆ: ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೆ ಎರಡು ಭಾನುವಾರ ತೆರೆದಿರುತ್ತದೆ, ಟಿಕೆಟ್ ಇಲ್ಲ. ಎಲಿಜಬೆತ್ ಮಾರ್ಗದ ರೈಲಿನಲ್ಲಿ ವೆಸ್ಟ್ ಡ್ರೇಟನ್‌ಗೆ ಬಂದು ಅಲ್ಲಿಂದ ಹೋಗಬಹುದು. ಹೊರಡುವ ಮುನ್ನ ತೆರೆದಿರುವ ದಿನವನ್ನು ಖಚಿತ ಮಾಡಿಕೊಳ್ಳಿ.

ಹೊಸನಗರ ಹುಡುಗಿ

ಶನಿವಾರ ಊರಿಗೆ ಹೋಗುತ್ತೇನೆ. ಟೇಪು, ಟಾರ್ಚು ಎರಡನ್ನೂ ಚೀಲಕ್ಕೆ ಹಾಕಿಕೊಂಡಿದ್ದೇನೆ. ಫೋಟೋಗಳನ್ನು ಇಲ್ಲೇ ಹಾಕುತ್ತೇನೆ. ಬಾಚಿ ಉಳಿ ಅಣ್ಣ, ಗೂಟ ಯಾವ ಕಡೆಯಿಂದ ಹೊಡೆದದ್ದು ಎಂದು ಗುರುತಿಸುವುದು ಹೇಗೆ?

ಬಾಚಿ ಉಳಿ

ಸಾಮಾನ್ಯವಾಗಿ ದಪ್ಪ ತಲೆ ಕಾಣುವ ಕಡೆಯಿಂದ ಹೊಡೆದಿರುತ್ತಾರೆ, ಸಣ್ಣ ತುದಿ ಆಚೆ ಬದಿಯಲ್ಲಿ ಚಾಚಿಕೊಂಡಿರುತ್ತದೆ. ಸಣ್ಣ ತುದಿಯ ಕಡೆಯಿಂದ ಕೊಡತಿಯಲ್ಲಿ ಹೊಡೆಯಬೇಕು. ಮೊದಲು ಫೋಟೋ ಹಾಕಿ, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಯಾರೂ ಒಂದು ಗೂಟವನ್ನೂ ಮುಟ್ಟಬಾರದು.